ಹೊಲದ ಮಣ್ಣಿನಿಂದ ಸ್ವಂತ ಮನೆ: ನಿರ್ಮಾಣ ಮತ್ತು ನಿರ್ವಹಣೆ

ಹೊಲದಲ್ಲಿಯೇ ವಾಸವಾಗಿದ್ದು ಬೇಸಾಯ ಮಾಡಬಯಸುವ ರೈತರು ಮನೆ ಕಟ್ಟಲು ಹೊರಟಾಗ ಮೊದಲು ಲೆಕ್ಕ ಹಾಕುವುದು ಗೋಡೆಯ ವೆಚ್ಚವನ್ನು. ಆದರೆ ಮಣ್ಣಿನ ಮನೆಯ ಆಯುಷ್ಯವನ್ನು ನಿರ್ಧರಿಸುವುದು ಗೋಡೆಗಿಂತ ಹೆಚ್ಚಾಗಿ ಅದರ ಬುಡ ಮತ್ತು ಸೂರು. 2019ರ ಆಗಸ್ಟ್ ತಿಂಗಳ ಮಳೆ ಹಾಗೂ ನೆರೆಯಲ್ಲಿ ಉತ್ತರ ಕರ್ನಾಟಕದ ನದಿ ತೀರದ ಗ್ರಾಮಗಳಲ್ಲಿ ಮಣ್ಣಿನ ಮನೆಗಳು ಅಪಾರ ಸಂಖ್ಯೆಯಲ್ಲಿ ಕುಸಿದವು. ಒಣಗಿರುವಾಗ ಮಾಳಿಗೆಯ ಭಾರವನ್ನು ದಶಕಗಳ ಕಾಲ ಹೊರುವ ಗೋಡೆಯು ಬುಡ ನೆನೆದರೆ ಒಂದೇ ರಾತ್ರಿಯಲ್ಲಿ ಕುಳಿತುಬಿಡುತ್ತದೆ. ಆದ್ದರಿಂದ ಕೈಯಲ್ಲಿರುವ ಹಣವನ್ನು ಮೊದಲು ತಳಪಾಯಕ್ಕೂ ಚಾವಣಿಗೂ ಮೀಸಲಿಡಿ. ಗೋಡೆಗೆ ಬೇಕಾದ ಮಣ್ಣು ನಿಮ್ಮ ಜಮೀನಿನಲ್ಲಿಯೇ ದೊರೆಯಬಹುದು.

ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಪ್ರಕಾರ ರೈತರು ಸ್ವಂತ ವಾಸಕ್ಕೆ, ಉಪಕರಣಗಳನ್ನು ಇರಿಸಲು ಹಾಗೂ ಜಾನುವಾರು ಕಟ್ಟಲು ಕೃಷಿ ಜಮೀನಿನಲ್ಲಿ ಮನೆ ಕಟ್ಟಿಕೊಳ್ಳಬಹುದು. ಅದು ಹಿಡುವಳಿಯ ಶೇ. 10ನ್ನು ಮೀರಬಾರದು, ವಾಣಿಜ್ಯ ಉದ್ದೇಶಕ್ಕೆ ಬಾಡಿಗೆಗೆ ಕೊಡುವಂತಿಲ್ಲ. ಕೆಲಸ ಆರಂಭಿಸುವ ಮುನ್ನ ಗ್ರಾಮ ಪಂಚಾಯಿತಿಯಲ್ಲಿಯೂ ಕಂದಾಯ ಕಚೇರಿಯಲ್ಲಿಯೂ ವಿಚಾರಿಸಿಕೊಳ್ಳಿ.

ಜಾಗ ಮತ್ತು ತಳಪಾಯ

ಮಳೆಗಾಲದಲ್ಲಿ ಹೊಲದ ನೀರು ಎತ್ತ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ನಿಮಗೆ ಯಾವ ಎಂಜಿನಿಯರಿಗಿಂತಲೂ ಚೆನ್ನಾಗಿ ಗೊತ್ತು. ಆ ದಾರಿಯಿಂದ ದೂರವಿರುವ ಎತ್ತರದ, ಗಟ್ಟಿ ನೆಲವನ್ನು ಆರಿಸಿ. ಬೆಳೆಗೆ ಬಾರದ ಕರಡು ನೆಲವಾದರೆ ಇನ್ನೂ ಒಳ್ಳೆಯದು.

ಕೆಂಪು ಮಣ್ಣಿನಲ್ಲಿ ಗಟ್ಟಿ ಪದರ ಸಿಗುವವರೆಗೆ ಅಗೆದು ಸೈಜುಗಲ್ಲಿನ ತಳಪಾಯ ಹಾಕಿದರೆ ಒಂದಂತಸ್ತಿನ ಮನೆಗೆ ಸಾಮಾನ್ಯವಾಗಿ ಸಾಕಾಗುತ್ತದೆ. ಎರೆ ಭೂಮಿಯ ವಿಚಾರವೇ ಬೇರೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ನಿಂತ ಮನೆಯೂ ಅದರೊಂದಿಗೆ ಏರಿಳಿದು ಗೋಡೆಗಳಲ್ಲಿ ಓರೆ ಬಿರುಕು ಕಾಣಿಸುತ್ತದೆ. ಎರೆ ಪದರ ತೆಳುವಾಗಿದ್ದರೆ ಅದನ್ನು ಪೂರ್ತಿ ತೆಗೆದು ಕೆಳಗಿನ ಗರಸಿನ ಮೇಲೆ ತಳಪಾಯ ಕೂರಿಸಿ. ಪದರ ಆಳವಾಗಿದ್ದಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ರೂಪಿಸಿದ, ತುದಿಯಲ್ಲಿ ಉಬ್ಬಿರುವ ಕಾಂಕ್ರೀಟ್ ಕಂಬಗಳ ತಳಪಾಯ ಸೂಕ್ತ. ಈ ಒಂದು ಕೆಲಸವನ್ನು ಮಾತ್ರ ತಜ್ಞರ ಸಲಹೆಯಿಲ್ಲದೆ ಕೈಗೊಳ್ಳಬೇಡಿ.

ಮನೆಯ ನೆಲವು ಸುತ್ತಲಿನ ಭೂಮಿಗಿಂತ ಕನಿಷ್ಠ 45 ಸೆಂ.ಮೀ. ಎತ್ತರವಿರಲಿ. ತಳಪಾಯದ ಕಲ್ಲಿನ ಮೇಲೆ ತೇವ ಏರದಂತೆ ಕಾಂಕ್ರೀಟ್ ಪಟ್ಟಿ ಹಾಕಿದ ನಂತರವೇ ಮಣ್ಣಿನ ಗೋಡೆ ಆರಂಭವಾಗಬೇಕು.

ಮಣ್ಣಿನ ಆಯ್ಕೆ

ಮೇಲಿನ 20–30 ಸೆಂ.ಮೀ. ಮಣ್ಣು ಬೆಳೆಯ ಆಸ್ತಿ. ಸಾವಯವ ಅಂಶವಿರುವ ಆ ಮಣ್ಣು ಇಟ್ಟಿಗೆಗೆ ನಿರುಪಯುಕ್ತ. ಅದನ್ನು ಕೆರೆದು ಬೇರೆಡೆ ಹರಡಿ, ಕೆಳಗಿನ ಮಣ್ಣನ್ನು ಬಳಸಿ.

ಗಾಜಿನ ಬಾಟಲಿಯ ಮೂರನೇ ಒಂದು ಭಾಗಕ್ಕೆ ಪುಡಿ ಮಣ್ಣು, ಉಳಿದದ್ದಕ್ಕೆ ನೀರು, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಾಡಿಸದೆ ಇಡಿ. ಮರಳು ಕೂಡಲೇ ತಳ ಸೇರುತ್ತದೆ, ಅದರ ಮೇಲೆ ಗೋಡು ಕೂರುತ್ತದೆ, ಜೇಡಿ ಎಲ್ಲಕ್ಕಿಂತ ಕೊನೆಗೆ ಇಳಿಯುತ್ತದೆ. ನೀರಿನಲ್ಲಿ ಜೇಡಿಯು ಉಬ್ಬಿರುವುದರಿಂದ ಈ ಪರೀಕ್ಷೆ ಅಂದಾಜಿಗಷ್ಟೇ. ಪ್ರಯೋಗಾಲಯದಲ್ಲಿ ಮಣ್ಣು ಪರೀಕ್ಷೆ ಮಾಡಿಸುವಾಗ ಕಣಗಾತ್ರ ವಿಶ್ಲೇಷಣೆಯನ್ನು ಪ್ರತ್ಯೇಕವಾಗಿ ಕೇಳಬೇಕು. ರಸಸಾರ ಮತ್ತು ಪೋಷಕಾಂಶಗಳ ವರದಿ ಇಲ್ಲಿ ಪ್ರಯೋಜನಕ್ಕೆ ಬಾರದು. ವಿಸ್ತರಣಾ ಕಾರ್ಯಕರ್ತರು ಇದನ್ನು ರೈತರಿಗೆ ಮೊದಲೇ ತಿಳಿಸುವುದು ಒಳಿತು.

ಸಿಮೆಂಟ್ ಬೆರೆಸಿ ಒತ್ತುವ ಇಟ್ಟಿಗೆಗೆ ಜೇಡಿ ಶೇ. 10–15, ಮರಳು ಶೇ. 65ಕ್ಕಿಂತ ಹೆಚ್ಚು ಇರಬೇಕು. ನಮ್ಮ ಕೆಂಪು ಮಣ್ಣುಗಳಲ್ಲಿ ಹೆಚ್ಚಿನವುಗಳಲ್ಲಿ ಜೇಡಿ ಇದಕ್ಕಿಂತ ಜಾಸ್ತಿ. ಮರಳನ್ನೋ ಕ್ರಶರ್ ಪುಡಿಯನ್ನೋ ಸೇರಿಸಿ ಸರಿದೂಗಿಸಬಹುದು. ಎರೆ ಮಣ್ಣಿಗೆ ಸಿಮೆಂಟ್ ಒಗ್ಗದು. ಅಲ್ಲಿ ಕೆಮ್ಮಣ್ಣನ್ನು ಹೊರಗಿನಿಂದ ತರುವುದೇ ಲೇಸು.

ಇಟ್ಟಿಗೆ ತಯಾರಿಕೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಕೈಯಿಂದ ಒತ್ತುವ ಯಂತ್ರದ ಮೂಲಕ ಇಂತಹ ಇಟ್ಟಿಗೆಗಳನ್ನು ರಾಜ್ಯದಲ್ಲಿ ಪರಿಚಯಿಸಿತು. ಇವುಗಳನ್ನು ಸುಡಬೇಕಿಲ್ಲ, ಸೌದೆ ಉಳಿಯುತ್ತದೆ. 230 × 190 × 100 ಮಿ.ಮೀ. ಅಳತೆಯ ಇಟ್ಟಿಗೆ ಒಣಗಿದಾಗ ಸುಮಾರು 8 ಕಿ.ಗ್ರಾಂ. ತೂಗುತ್ತದೆ. ಶೇ. 7ರಷ್ಟು ಸಿಮೆಂಟ್ ಹಾಕಿದರೆ 50 ಕಿ.ಗ್ರಾಂ. ಚೀಲವೊಂದರಿಂದ ಸುಮಾರು 90 ಇಟ್ಟಿಗೆಗಳಾಗುತ್ತವೆ. 190 ಮಿ.ಮೀ. ದಪ್ಪದ ಗೋಡೆಗೆ ಚದರ ಮೀಟರಿಗೆ 37 ಇಟ್ಟಿಗೆ ಬೇಕು.

ನೀರಿನ ಹದ ತಿಳಿಯಲು ಒಂದು ಹಿಡಿ ಮಿಶ್ರಣವನ್ನು ಉಂಡೆ ಕಟ್ಟಿ ಎದೆಯ ಎತ್ತರದಿಂದ ಬೀಳಿಸಿ. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಅಂಟಿದರೆ ಹೆಚ್ಚು. ನಾಲ್ಕಾರು ತುಂಡಾದರೆ ಹದ ಸರಿ. ಒಮ್ಮೆ ನೀರು ಬೆರೆಸಿದ ಮಿಶ್ರಣವನ್ನು ಅರ್ಧ ಗಂಟೆಯೊಳಗೆ ಮುಗಿಸುವಷ್ಟೇ ಕಲಸಿ. ಒತ್ತಿದ ಇಟ್ಟಿಗೆಗಳನ್ನು ನೆರಳಿನಲ್ಲಿ ಹುಲ್ಲು ಹೊದಿಸಿಟ್ಟು ಕನಿಷ್ಠ 21 ದಿನ ನೀರು ಚಿಮುಕಿಸಬೇಕು. ಸ್ವಂತವಾಗಿ ಕಟ್ಟುವವರು ಅವಸರಪಡುವುದು ಇಲ್ಲಿಯೇ. ಬಲಿಯದ ಇಟ್ಟಿಗೆ ಒಣಗಿದಾಗ ಗಟ್ಟಿಯಾಗಿಯೇ ಕಾಣುತ್ತದೆ. ಅದರ ಬಣ್ಣ ಬಯಲಾಗುವುದು ನೀರಿನಲ್ಲಿ. ಪ್ರತಿ ತಂಡದಿಂದ ಒಂದೆರಡನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿಟ್ಟು ನೋಡಿ. ಅಂಚು ಕರಗಿದರೆ ಅಥವಾ ಮೊಳೆಯಿಂದ ಗೀಚಿದಾಗ ಸುಲಭವಾಗಿ ಕಿತ್ತುಬಂದರೆ ಆ ತಂಡವನ್ನು ಗೋಡೆಗೆ ಬಳಸಕೂಡದು.

ಚಾವಣಿ ಮತ್ತು ವಾರ್ಷಿಕ ನಿರ್ವಹಣೆ

ಸೂರು ಗೋಡೆಯಿಂದ ಕನಿಷ್ಠ 60 ಸೆಂ.ಮೀ. ಹೊರಚಾಚಿರಲಿ. ಮಳೆಯ ಗಾಳಿ ಬಡಿಯುವ ಕಡೆ ಜಗಲಿ ಇದ್ದರೆ ಗೋಡೆಗೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ.

ಬಯಲುಸೀಮೆಯ ಹಳೆಯ ಮಾಳಿಗೆ ಮನೆಗಳಿಗೆ ಕರಲು ಮಣ್ಣು ಹರಡುವ ಪದ್ಧತಿ ವೈಜ್ಞಾನಿಕವಾದುದೇ. ಬೆಳೆಗೆ ಶಾಪವಾದ ಸೋಡಿಯಂ ಅಂಶವು ಜೇಡಿಯನ್ನು ಚದುರಿಸಿ ಮಣ್ಣಿನ ರಂಧ್ರಗಳನ್ನು ಮುಚ್ಚುವುದರಿಂದ ನೀರು ಕೆಳಗಿಳಿಯದು. ಆದರೆ ವರ್ಷ ವರ್ಷವೂ ಹಳೆಯದರ ಮೇಲೆ ಹೊಸದನ್ನು ಸುರಿಯುವುದು ಅಪಾಯಕಾರಿ. 10 ಸೆಂ.ಮೀ. ಮಣ್ಣು ಚದರ ಮೀಟರಿಗೆ 160 ಕಿ.ಗ್ರಾಂ.ಗೂ ಹೆಚ್ಚು ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಗೆದ್ದಲು ತಿಂದ ಜಂತೆಗೆ ಈ ಭಾರ ಹೊರುವ ಶಕ್ತಿ ಇರುವುದಿಲ್ಲ. ಸಡಿಲಗೊಂಡ ಹಳೆಯ ಮಣ್ಣನ್ನು ಕೆರೆದು ಇಳಿಸಿದ ಬಳಿಕವೇ ಹೊಸದನ್ನು ಹಾಕಿ. ಜಂತೆಗಳನ್ನು, ವಿಶೇಷವಾಗಿ ಅವು ಗೋಡೆಯೊಳಗೆ ಕೂತಿರುವ ತುದಿಗಳನ್ನು, ಚೂಪಾದ ಕಬ್ಬಿಣದಿಂದ ಚುಚ್ಚಿ ಪರೀಕ್ಷಿಸಿ.

ಈ ಕೆಲಸಗಳನ್ನೆಲ್ಲ ಮೇ ತಿಂಗಳೊಳಗೆ ಮುಗಿಸಬೇಕು. ಹಳೆಯ ಮಣ್ಣಿನ ಗೋಡೆಯ ಬುಡಕ್ಕೆ ಸಿಮೆಂಟ್ ಗಿಲಾವು ಬಳಿಯುವ ರೂಢಿ ಈಗ ಹೆಚ್ಚಾಗಿದೆ. ಬಿರುಕಿನಿಂದ ಒಳಹೋದ ನೀರು ಹೊರಬರಲಾರದೆ ಗಿಲಾವಿನ ಹಿಂದೆ ಮಣ್ಣು ಕರಗುತ್ತಿದ್ದರೂ ಹೊರಗೆ ಏನೂ ಕಾಣದು. ಸುಣ್ಣ ಅಥವಾ ಮಣ್ಣಿನ ಗಿಲಾವನ್ನೇ ಮುಂದುವರಿಸಿ. ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾದ ಕಲ್ಲುಹಾಸು ಇರಲಿ. ಬಚ್ಚಲ ನೀರು ಮತ್ತು ಗಂಜಲದ ಕಾಲುವೆ ಗೋಡೆಗೆ ತಾಗದಂತೆ ತೋಟದ ಕಡೆಗೆ ಹರಿಯಲಿ. ಹಗುರ ಬಿರುಕಿನ ಎರಡೂ ಅಂಚಿಗೆ ಪೆನ್ಸಿಲ್‌ನಿಂದ ಗುರುತು ಹಾಕಿ ದಿನಾಂಕ ಬರೆದಿಡಿ. ಮಳೆಗಾಲದಲ್ಲಿ ಬಿರುಕು ಅಗಲವಾಗುತ್ತ ಹೋದರೆ, ಅಥವಾ ಗೋಡೆಯ ಬುಡ ಉಬ್ಬಿದಂತೆ ಕಂಡರೆ, ದುರಸ್ತಿಗೆ ಕಾಯದೆ ಮನೆಮಂದಿ ಮತ್ತು ಜಾನುವಾರುಗಳನ್ನು ಅಂದೇ ಬೇರೆಡೆಗೆ ಸ್ಥಳಾಂತರಿಸಿ.