ಸಕ್ಕರೆ ಬದಲು ಬೆಲ್ಲ ಹಾಕಿದ್ರೆ ಪರವಾಗಿಲ್ವಾ? ಬಸುರಿ, ಮಗು ಮತ್ತು ಸಿಹಿ

ವಿಡಿಯೋ ನೋಡಿದವರಿಗೆ ಗೊತ್ತು, ನಡುವೆ ನಮ್ಮ ಡೊಂಬಿವಲಿ ಮನೆಯ ಕುಕ್ಕರ್ ಕೂಗಿ ಅರ್ಧ ಮಾತು ಕೇಳಿಸಲೇ ಇಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೀತಿದ್ದೀನಿ.

ಮೊದಲು ನನ್ನ ಕಥೆ. ಬಸುರಿಯಾಗಿದ್ದಾಗ ದಿನಾ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಇನ್ನೊಂದು ಟ್ರೈನ್ ಹಿಡಿದು ಐರೋಲಿ ಆಫೀಸಿಗೆ ಹೋಗ್ತಿದ್ದೆ. ಅಲ್ಲಿ ಮೆಷಿನ್ ಚಹಾ, ಸಕ್ಕರೆ ಬೆರೆತೇ ಬರುತ್ತೆ, ದಿನಕ್ಕೆ ಮೂರು ಕಪ್. ಅಮ್ಮ ಮೈಸೂರಿಂದ ಫೋನಲ್ಲಿ "ಇಬ್ಬರ ಊಟ ಮಾಡ್ಬೇಕು ಕಣೇ" ಅಂತಿದ್ದಳು. ಪಕ್ಕದ ಮನೆ ಮರಾಠಿ ಕಾಕು ಪ್ರೀತಿಯಿಂದ ಡೋಹಾಳೆ ಜೇವಣ ಮಾಡಿದ್ರು, ಅದಾದ ಮೇಲೆ ನಮ್ಮ ಸೀಮಂತ. ಮೂರನೇ ತಿಂಗಳಲ್ಲಿ ಸಕ್ಕರೆ ಪರೀಕ್ಷೆ ಸರಿ ಬಂದಿದ್ದರಿಂದ ಆ ಅಧ್ಯಾಯ ಮುಗೀತು ಅಂದ್ಕೊಂಡಿದ್ದೆ.

ಮುಗಿದಿರಲಿಲ್ಲ. ಇಪ್ಪತ್ತಾರನೇ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಕೂರಿಸಿ ರಕ್ತ ತೆಗೆದರು. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಸುರಿಯ ಸಕ್ಕರೆ ಕಾಯಿಲೆ. ನಂದು 162. ಐದು-ಆರು ತಿಂಗಳಾದ ಮೇಲೆ ಮಾಸು, ಅಂದರೆ ಡಾಕ್ಟರು ಪ್ಲಾಸೆಂಟಾ ಅನ್ನೋದು, ಬಿಡೋ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೈ ಕಟ್ಟಿಹಾಕ್ತವೆ. ಹಾಗಾಗಿಯೇ 24ರಿಂದ 28ನೇ ವಾರದೊಳಗೆ ಎರಡನೇ ಸಲ ಪರೀಕ್ಷೆ. ರಜ ಸಿಗಲ್ಲ, ರಿಲೀಸ್ ಇದೆ ಅಂತ ದಯವಿಟ್ಟು ಇದನ್ನು ತಪ್ಪಿಸಬೇಡಿ.

ಮಗುವಿಗೆ ಏನಾಗುತ್ತೆ? ತಾಯಿ ರಕ್ತದ ಗ್ಲೂಕೋಸ್ ಮಾಸು ದಾಟಿ ಮಗುವನ್ನು ಸೇರುತ್ತೆ, ತಾಯಿಯ ಇನ್ಸುಲಿನ್ ದಾಟಲ್ಲ. ಬಂದ ಸಕ್ಕರೆಯನ್ನು ಸಂಭಾಳಿಸೋಕೆ ಮಗು ತಾನೇ ಇನ್ಸುಲಿನ್ ಜಾಸ್ತಿ ಮಾಡ್ಬೇಕು. ಆ ಇನ್ಸುಲಿನ್ ಮಗುವಿನ ಮೈಯಲ್ಲಿ ಕೊಬ್ಬು ಕೂಡಿಸುತ್ತೆ. ಹುಟ್ಟಿದ ಕೂಡಲೇ ಸಕ್ಕರೆ ಬರೋದು ನಿಲ್ಲುತ್ತೆ, ಇನ್ಸುಲಿನ್ ಮಾತ್ರ ಇರುತ್ತೆ. ಆಗ ಮಗುವಿನ ಸಕ್ಕರೆ ಧಡಾರಂತ ಇಳೀಬಹುದು. ನನ್ನ ಮಗಳ ಹಿಮ್ಮಡಿ ಚುಚ್ಚಿ ಚುಚ್ಚಿ ನೋಡಿದ್ದು ಅದಕ್ಕೇ.

ಇದರ ಮುಂದಿನ ಕಥೆಯನ್ನು ಹೇಳಿದ್ದು ನಮ್ಮ ಮೈಸೂರೇ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ. 1997–98ರಲ್ಲಿ ಅಲ್ಲಿ ಎಂಟುನೂರಕ್ಕೂ ಹೆಚ್ಚು ಬಸುರಿಯರನ್ನು ಪರೀಕ್ಷಿಸಿದರು. ಸುಮಾರು ನೂರಕ್ಕೆ ಆರು ಜನರಿಗೆ ಸಕ್ಕರೆ ಕಾಯಿಲೆ ಸಿಕ್ಕಿತು. ಆಮೇಲೆ ಮಕ್ಕಳನ್ನು ಬಿಡದೆ ವರ್ಷಗಟ್ಟಲೆ ಹಿಂಬಾಲಿಸಿದರು. ಈ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ಒಂಬತ್ತೂವರೆಗೆ ಗಂಡು ಹೆಣ್ಣು ಇಬ್ಬರಲ್ಲೂ ಇನ್ಸುಲಿನ್‌ಗೆ ಮೈ ಬಗ್ಗದಿರೋ ಲಕ್ಷಣ ಕಾಣಿಸಿತ್ತು. ಪಾರ್ಥೆನಾನ್ ಅಧ್ಯಯನ ಅಂತ ಅದರ ಹೆಸರು. ನಾನು ಹುಟ್ಟಿದ್ದೂ ಅದೇ ಆಸ್ಪತ್ರೆಯಲ್ಲಿ, ಆದರೆ ಇದನ್ನು ಓದಿದ್ದು ಐರೋಲಿ ಟ್ರೈನಲ್ಲಿ!

ಕಾಯಿಲೆ ಇಲ್ಲದವರಿಗೂ ಒಂದು ಮಾತಿದೆ. ಯುದ್ಧಕಾಲದಿಂದ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಇತ್ತು, 1953ರ ಸೆಪ್ಟೆಂಬರಿನಲ್ಲಿ ತೆಗೆದರು. ತೆಗೆದ ಮೇಲೆ ಜನ ತಿನ್ನೋ ಸಕ್ಕರೆ ಹತ್ತಿರಹತ್ತಿರ ಎರಡರಷ್ಟಾಯ್ತು. 2024ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದಕ್ಕೆ ಮುಂಚೆ ಮತ್ತು ಆಮೇಲೆ ಹುಟ್ಟಿದವರನ್ನು ಹೋಲಿಸಿತು. ಹೊಟ್ಟೆಯಲ್ಲಿದ್ದಾಗಿಂದ ಸುಮಾರು ಎರಡು ವರ್ಷದವರೆಗೆ ರೇಷನ್ನಿನಲ್ಲೇ ಬೆಳೆದವರಿಗೆ ದೊಡ್ಡವರಾದ ಮೇಲೆ ಡಯಾಬಿಟಿಸ್ ಸುಮಾರು ಶೇ. 35, ಬಿಪಿ ಶೇ. 20ರಷ್ಟು ಕಡಿಮೆ. ಅವರು ಸಿಹಿಯನ್ನೇ ಬಿಟ್ಟಿರಲಿಲ್ಲ, ಗಮನಿಸಿ. ಮಿತಿ ಇತ್ತು ಅಷ್ಟೇ.

ಈಗ ಬೆಲ್ಲ. ಬೆಲ್ಲದಲ್ಲಿ ಒಂಚೂರು ಖನಿಜ ಇರಬಹುದು, ಬಹುಪಾಲು ಅದು ಸಕ್ಕರೆಯೇ, ರಕ್ತಕ್ಕೆ ವ್ಯತ್ಯಾಸ ತಿಳಿಯಲ್ಲ. ಜೇನು ಕೂಡ ಹಾಗೇ. ಒಂದು ವರ್ಷ ತುಂಬದ ಮಗುವಿಗಂತೂ ಜೇನು ನೆಕ್ಕಿಸಲೇಬಾರದು, ಬೊಟುಲಿಸಂ ಅನ್ನೋ ಅಪಾಯದ ಸೋಂಕು ಬರಬಹುದು. ಹಾಗಾದರೆ ಶುಗರ್‌ಫ್ರೀ ಮಾತ್ರೆ? ಸ್ಯಾಕರಿನ್ ಮಾಸು ದಾಟುತ್ತೆ, ಸುಕ್ರಲೋಸ್ ಎದೆಹಾಲಿನಲ್ಲಿ ಸಿಕ್ಕಿದೆ. ಕೆನಡಾದಲ್ಲಿ ಸುಮಾರು 3,000 ತಾಯಿ-ಮಕ್ಕಳನ್ನು ನೋಡಿದ 2016ರ ಅಧ್ಯಯನದಲ್ಲಿ, ಬಸುರಿಯಲ್ಲಿ ದಿನಾ ಡಯೆಟ್ ಪಾನೀಯ ಕುಡಿದವರ ಮಕ್ಕಳು ಒಂದು ವರ್ಷಕ್ಕೆ ಅತಿತೂಕ ಇರೋ ಸಂಭವ ಎರಡರಷ್ಟು. ಅದೇ ಕಾರಣ ಅಂತ ಇದರಿಂದ ಸಾಬೀತಾಗಲ್ಲ, ನಿಜ. ಆದರೂ ನಾನು ಮಾತ್ರೆ ಡಬ್ಬಿ ಮುಚ್ಚಿಟ್ಟು ಸಪ್ಪೆ ಚಹಾಕ್ಕೇ ಒಗ್ಗಿಕೊಂಡೆ. ಹತ್ತು ದಿನ ಕಷ್ಟ, ಆಮೇಲೆ ಮೆಷಿನ್ ಚಹಾ ಪಾಯಸದ ಥರ ಅನ್ನಿಸ್ತು.

ಮಗು ಬಂದ ಮೇಲೆ ಡಬ್ಬಿ ಆಹಾರದ ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ಪಬ್ಲಿಕ್ ಐ ಸಂಸ್ಥೆ, ಭಾರತದಲ್ಲಿ ಮಾರೋ ಸೆರೆಲ್ಯಾಕ್‌ನಲ್ಲಿ ಒಂದು ಸಲದ ಊಟಕ್ಕೆ ಸರಾಸರಿ 2.7 ಗ್ರಾಂ ಸೇರಿಸಿದ ಸಕ್ಕರೆ ಇದೆ, ಜರ್ಮನಿ, ಬ್ರಿಟನ್ನಿನಲ್ಲಿ ಹಾಗಿಲ್ಲ ಅಂತ ಹೇಳಿತು. ಇಲ್ಲಿನ ನಿಯಮ ಮೀರಿಲ್ಲ, ಸಕ್ಕರೆ ಇಳಿಸ್ತಾ ಬಂದಿದ್ದೀವಿ ಅಂತ ಕಂಪನಿ ಹೇಳಿತು, ಅದೇ ವರ್ಷ ಸಂಸ್ಕರಿತ ಸಕ್ಕರೆ ಹಾಕದ ಬಗೆಗಳನ್ನೂ ತಂದಿತು. ನೀವು ಡಬ್ಬಿ ತಿರುಗಿಸಿ ಓದಿ. ಸುಕ್ರೋಸ್, ಗ್ಲೂಕೋಸ್ ಸಿರಪ್ ಎಲ್ಲ ಒಂದೇ ಬಳಗ. ಎರಡು ವರ್ಷದವರೆಗೆ ಸೇರಿಸಿದ ಸಕ್ಕರೆ ಬೇಡ ಅಂತ ನಮ್ಮ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ಹೇಳುತ್ತೆ.

ಜಗಳ ಆಗಿದ್ದು ಮಾತ್ರ ಡಬ್ಬಿಗಲ್ಲ, ಅಮ್ಮನ ರಾಗಿ ಸರಿಗೆ. ಬೆಲ್ಲ ಹಾಕದೆ ಕೊಡು ಅಂದಾಗ "ನಿನ್ನನ್ನ ಹೀಗೇ ಬೆಳೆಸಿದ್ದು" ಅಂತ ಕಣ್ಣಲ್ಲಿ ನೀರು ಹಾಕ್ಕೊಂಡಳು. ನಮ್ಮಜ್ಜಿ ಸಕ್ಕರೆ ಕಾಯಿಲೆಯಿಂದ ಕಾಲು ಕಳ್ಕೊಂಡಿದ್ದು ಇಬ್ಬರಿಗೂ ನೆನಪಿತ್ತು, ಯಾರೂ ಅದನ್ನ ಎತ್ತಲಿಲ್ಲ. ಮಾರನೇ ದಿನ ಅವಳೇ ಒಂದು ಚೂರು ಮಾಗಿದ ಬಾಳೆಹಣ್ಣು ಕಿವುಚಿ ಹಾಕಿದಳು. ಮಗಳು ಬಟ್ಟಲು ನೆಕ್ಕಿದಳು.

ಒಂದು ತಪ್ಪೊಪ್ಪಿಗೆ. ಈ ಕಾಯಿಲೆ ಬಂದ ತಾಯಿಗೆ ಮುಂದೆ ಡಯಾಬಿಟಿಸ್ ಬರೋ ಸಂಭವ ಉಳಿದವರಿಗಿಂತ ಏಳರಿಂದ ಹತ್ತು ಪಟ್ಟು. ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ 75 ಗ್ರಾಂ ಕುಡಿದು ಪರೀಕ್ಷೆ ಮಾಡಿಸ್ಬೇಕಿತ್ತು. ಮಗಳಿಗೆ ಹದಿನಾಲ್ಕು ತಿಂಗಳಾಯ್ತು, ನಾನಿನ್ನೂ ಹೋಗಿಲ್ಲ. ಈ ಶನಿವಾರ ಬೆಳಿಗ್ಗೆ ಎಂಟಕ್ಕೆ ಕಲ್ಯಾಣದ ಲ್ಯಾಬ್‌ನಲ್ಲಿ ಹೆಸರು ಬರೆಸಿದ್ದೀನಿ. ಎಷ್ಟು ಬಂತು ಅಂತ ಮುಂದಿನ ವಿಡಿಯೋದಲ್ಲಿ ಹೇಳ್ತೀನಿ.