ಒಡೆದುಹೋಗುವುದೇ ಇದರ ಕೆಲಸ

1982ರ ಬೇಸಿಗೆ. ಅಮೆರಿಕದ ವುಡ್ಸ್ ಹೋಲ್ ಎಂಬ ಕಡಲತೀರದ ಊರಿನ ಸಾಗರಜೀವಿ ಪ್ರಯೋಗಾಲಯದಲ್ಲಿ ಬ್ರಿಟನ್ನಿನ ಟಿಮ್ ಹಂಟ್ ಸೀ ಅರ್ಚಿನ್‌ಗಳ ಮೊಟ್ಟೆಗೆ ವಿಕಿರಣಶೀಲ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಬೆರೆಸಿ, ಫಲಿತವಾದ ಮೇಲೆ ಯಾವ್ಯಾವ ಪ್ರೋಟೀನು ತಯಾರಾಗುತ್ತದೆ ಎಂದು ನೋಡುತ್ತಿದ್ದರು. ಹೊತ್ತು ಕಳೆದಂತೆ ಎಲ್ಲವೂ ಹೆಚ್ಚುತ್ತ ಹೋದವು, ಒಂದರ ಹೊರತು. ಅದು ಹೆಚ್ಚುತ್ತ ಬಂದು, ಮೊಟ್ಟೆ ಎರಡಾಗುವ ಹೊತ್ತಿಗೆ ಕಾಣೆಯಾಯಿತು. ಮತ್ತೆ ತಲೆಯೆತ್ತಿತು, ಮುಂದಿನ ವಿಭಜನೆಗೆ ಮತ್ತೆ ಮಾಯ. ಅದೇ ಸೈಕ್ಲಿನ್.

ಸೈಕ್ಲಿನ್ ಒಂಟಿಯಾಗಿ ಏನೂ ಮಾಡಲಾರದು. ಸಿಡಿಕೆ ಎಂಬ ಕಿಣ್ವ ಅದರ ಜೊತೆಗಾರ. ಈ ಕಿಣ್ವ ಕೋಶದಲ್ಲಿ ಸದಾ ಇದ್ದರೂ ಕೈಕಟ್ಟಿ ಕೂತಿರುತ್ತದೆ. ಸೈಕ್ಲಿನ್ ಬಂದು ಅಂಟಿಕೊಂಡಾಗಲೇ ಅದರ ಆಕಾರ ಬದಲಾಗಿ, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುವ ಶಕ್ತಿ ಬರುತ್ತದೆ. ಕೋಶಕೇಂದ್ರದ ಪೊರೆಗೆ ಒಳಗಿನಿಂದ ಆಸರೆಯಾದ ಲ್ಯಾಮಿನ್ ಜಾಲಕ್ಕೆ ಫಾಸ್ಫೇಟ್ ಬಿದ್ದರೆ ಜಾಲ ಬಿಡಿಬಿಡಿಯಾಗುತ್ತದೆ, ಪೊರೆಯೇ ಕಳಚುತ್ತದೆ. ವರ್ಣತಂತುಗಳು ಬಿಗಿಯಾಗಿ ಸುತ್ತಿಕೊಂಡು, ತಮ್ಮನ್ನು ಎರಡು ಕಡೆಗೆ ಎಳೆಯುವ ಕದಿರೆಳೆಗಳಿಗೆ ಕಾಯುತ್ತವೆ.

ಒಂದೇ ಒಂದು ವರ್ಣತಂತುವಿಗೆ ಎಳೆ ಸಿಗದಿದ್ದರೂ ಕೋಶ ಮುಂದೆ ಹೋಗದು. ಆ ಬಿಡಿ ವರ್ಣತಂತುವಿನ ಬಳಿ ಸಕ್ರಿಯವಾಗುವ ಮ್ಯಾಡ್2 ಎಂಬ ಪ್ರೋಟೀನು, ಸಿಡಿಸಿ20 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊನೆಯ ಎಳೆಯೂ ಸೇರಿದ ಮೇಲೆ ಹಿಡಿತ ಸಡಿಲ. ಆಗ ಸೈಕ್ಲಿನ್‌ಗೆ ಬಿಡುಗಡೆಯಾದ ಸಿಡಿಸಿ20ರ ನೆರವಿನಿಂದ ಯುಬಿಕ್ವಿಟಿನ್ ಎಂಬ ಗುರುತುಪಟ್ಟಿ ಬೀಳುತ್ತದೆ, ಪ್ರೋಟಿಯಾಸೋಮ್ ಅದನ್ನು ತುಂಡರಿಸುತ್ತದೆ, ಸಿಡಿಕೆ ಮತ್ತೆ ಸುಮ್ಮನಾಗುತ್ತದೆ.

ಪಠ್ಯಪುಸ್ತಕಗಳು ಕೋಶಚಕ್ರವನ್ನು ದುಂಡಗೆ ಬರೆದು ಬಾಣ ಹಾಕಿಬಿಡುತ್ತವೆ. ಬಾಣ ಹಿಂದಕ್ಕೆ ಯಾಕೆ ತಿರುಗದು? ನನಗೆ ಇಡೀ ಕಥೆಯ ತಿರುಳು ಇರುವುದೇ ಇಲ್ಲಿ. ಅಂಟಿಸಿದ ಫಾಸ್ಫೇಟನ್ನು ಕೀಳಬಹುದು. ಚೂರಾದ ಪ್ರೋಟೀನನ್ನು ಮರುಜೋಡಿಸಲಾಗದು.

ಸಿಡಿಕೆಯ ಜಾಡು ಸಿಕ್ಕಿದ್ದು ಯೀಸ್ಟ್‌ನಲ್ಲಿ, ಲೀಲ್ಯಾಂಡ್ ಹಾರ್ಟ್‌ವೆಲ್ ಮತ್ತು ಪಾಲ್ ನರ್ಸ್ ಅವರಿಗೆ. 1987ರಲ್ಲಿ ನರ್ಸ್ ಮತ್ತು ಮೆಲನಿ ಲೀ, ವಿಭಜನೆ ನಿಂತುಹೋದ ಯೀಸ್ಟ್‌ಗೆ ಮನುಷ್ಯನ ಸಿಡಿಕೆ ಜೀನ್ ಕೊಟ್ಟರು. ಯೀಸ್ಟ್ ಎಂದಿನಂತೆ ಎರಡಾಯಿತು! ನೂರು ಕೋಟಿ ವರ್ಷಕ್ಕೂ ಹಿಂದೆ ಕವಲೊಡೆದ ನಂಟರಲ್ಲಿ ಯಂತ್ರ ಬದಲಾಗಿಲ್ಲ. ಹಂಟ್, ಹಾರ್ಟ್‌ವೆಲ್, ನರ್ಸ್ ಮೂವರಿಗೂ 2001ರ ನೊಬೆಲ್ ಬಂತು.

ನಮ್ಮ ಕೋಶಗಳಲ್ಲಿ ವಿಭಜನೆಯ ಆರಂಭವನ್ನು ತಡೆದು ನಿಂತಿರುವುದು ಆರ್‌ಬಿ ಎಂಬ ಪ್ರೋಟೀನು. ಸಿಡಿಕೆ ಬಳಗದ ಸಿಡಿಕೆ4 ಮತ್ತು ಸಿಡಿಕೆ6 ಅದಕ್ಕೆ ಫಾಸ್ಫೇಟ್ ಅಂಟಿಸಿ ದಾರಿ ಬಿಡಿಸುತ್ತವೆ. ಇವೆರಡನ್ನೂ ಕಟ್ಟಿಹಾಕುವ ಪಾಲ್ಬೊಸಿಕ್ಲಿಬ್ ಔಷಧಕ್ಕೆ 2015ರಲ್ಲಿ ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ದೊರೆಯಿತು. ಆದರೆ ಮೂಳೆಮಜ್ಜೆಯ ಕೋಶಗಳಿಗೂ ಸಿಡಿಕೆ6 ಬೇಕು. ಔಷಧ ಅಲ್ಲಿಗೂ ತಲುಪಿ ಬಿಳಿ ರಕ್ತಕಣಗಳ ಸಂಖ್ಯೆ ಇಳಿಯುತ್ತದೆ. ಹಾಗಾಗಿ 21 ದಿನ ಮಾತ್ರೆ, 7 ದಿನ ಬಿಡುವು.