ಪಡೆದದ್ದು ಯಾವದು, ಮಾಡಿದ್ದು ಯಾವದು?

ನೌಕರಿಯ ಅರ್ಜಿಯೊಡನೆ ಲಗತ್ತಿಸುವ ಪರಿಚಯಪತ್ರವನ್ನು (ಜನರ ಬಾಯಲ್ಲಿ ಅದು ಬಯೋಡೇಟಾ) ಬರೆಯಲು ಕುಳಿತ ತರುಣನು ಮೊದಲು ಕಪಾಟಿನೊಳಗಿನ ಕಾಗದಗಳನ್ನು ಹೊರಗೆ ತೆಗೆಯುತ್ತಾನೆ. ಪಾಸಾದ ಪರೀಕ್ಷೆ, ಪಡೆದ ಅಂಕ, ಕೆಲಸಕ್ಕೆ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆಯ ಹೆಸರು, ಇಷ್ಟನ್ನು ಬರೆದ ಮೇಲೆ ಲೇಖನಿಯು ನಿಂತುಬಿಡುತ್ತದೆ. ‘ನೀನು ಮಾಡಿದ ಕೆಲಸವೇನಪ್ಪಾ?’ ಎಂದು ಹಿರಿಯರು ಕೇಳಿದರೆ, ‘ಬರೆದಿದ್ದೇನಲ್ಲ, ಆರು ವರುಷ ಗುಮಾಸ್ತನಾಗಿದ್ದೆ’ ಎನ್ನುವನು. ಗುಮಾಸ್ತನಾಗಿದ್ದದ್ದು ಅವನಿಗೆ ದೊರೆತ ಸ್ಥಾನ; ಆ ಸ್ಥಾನದಲ್ಲಿ ಕುಳಿತು ಅವನು ಮಾಡಿದ್ದು ಬೇರೆ. ಈ ಭೇದವನ್ನು ಅರಿಯದುದರಿಂದಲೇ ಎಷ್ಟೋ ಯೋಗ್ಯರ ಅರ್ಜಿಗಳು ಅಯೋಗ್ಯರ ಅರ್ಜಿಗಳಂತೆಯೇ ಕಾಣಿಸುವವೆಂದು ನಮಗೆ ತೋರುತ್ತದೆ.

ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿನ ಸಿರಸಂಗಿಯ ಹೆಸರನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ಅಲ್ಲಿಯ ಲಿಂಗರಾಜ ದೇಸಾಯಿಯವರು (1861–1906) ದತ್ತಕರಾಗಿ ಬಂದು ದೇಸಗತಿಗೆ ಒಡೆಯರಾದರು. ಅವರ ಪರಿಚಯವನ್ನು ನಾಲ್ಕು ಸಾಲಿನಲ್ಲಿ ಬರೆಯಿರೆಂದರೆ ಹಲವರು ದೇಸಗತಿಯಿಂದ ಆರಂಭಿಸಿ, 1904ರಲ್ಲಿ ಧಾರವಾಡದಲ್ಲಿ ಕೂಡಿದ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನಕ್ಕೆ ಅವರು ಅಧ್ಯಕ್ಷರಾಗಿದ್ದರೆಂದು ಹೇಳಿ ಮುಗಿಸಿಯಾರು. ಎರಡೂ ನಿಜ, ಎರಡೂ ಗೌರವದ ಸಂಗತಿಗಳು. ಆದರೆ ಒಂದು ದತ್ತಕದಿಂದ ಬಂದದ್ದು, ಇನ್ನೊಂದು ಜನರು ಕೊಟ್ಟದ್ದು. ತಮ್ಮ ಆಸ್ತಿಯು ಲಿಂಗಾಯತ ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಬೇಕೆಂದು ಮೃತ್ಯುಪತ್ರ ಬರೆದಿಟ್ಟದ್ದು ಅವರು ತಾವಾಗಿ ಮಾಡಿದ ಕೆಲಸ. ‘ತ್ಯಾಗವೀರ’ರೆಂದು ನಾಡು ಅವರನ್ನು ಕರೆಯುವದು ಅದಕ್ಕಾಗಿ. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರನ್ನು ಹೊತ್ತಿರುವದು ದೇಸಗತಿಯ ಸಲುವಾಗಿ ಅಲ್ಲ.

‘ಅಷ್ಟು ದೊಡ್ಡವರ ಮಾತು ನಮಗೇಕೆ?’ ಎನ್ನುವವರಿಗೆ ಅದೇ ಊರಿನಲ್ಲಿ ಇನ್ನೊಂದು ಉತ್ತರವುಂಟು. ಸಿರಸಂಗಿಯ ಕಾಳಮ್ಮನು ವಿಶ್ವಕರ್ಮರ ಆರಾಧ್ಯದೇವತೆ. ಕಮ್ಮಾರ, ಬಡಿಗ, ಕಂಚುಗಾರ, ಶಿಲ್ಪಿ, ಅಕ್ಕಸಾಲಿಗ ಎಂಬ ಐದು ಕಸುಬಿನವರು ಯುಗಾದಿಯ ಹೊತ್ತಿನ ಜಾತ್ರೆಗೆ ದೂರದೂರದಿಂದ ಬರುವರು. ಕೈಕಸುಬಿನವರ ಹತ್ತಿರ ಕಾಗದಗಳು ಕಡಿಮೆ. ಆದುದರಿಂದ ತಮಗೆ ಹೇಳಿಕೊಳ್ಳಲು ಏನೂ ಇಲ್ಲವೆಂದು ಅವರು ಸಂಕೋಚಪಡುವದುಂಟು. ಅವರ ಕಸುಬಿನ ಹಿರಿಯರಿಗೆ ಆ ಸಂಕೋಚವಿರಲಿಲ್ಲ. ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ವಿರೂಪಾಕ್ಷ ಗುಡಿಯ ಶಾಸನವನ್ನು ನೋಡಿರಿ. ಗುಡಿಯನ್ನು ಕಟ್ಟಿದ ಸೂತ್ರಧಾರಿ ಅನಿವಾರಿತಾಚಾರಿಯೆನಿಸಿದ ಗುಂಡ; ಕಟ್ಟಿಸಿದವಳು ಲೋಕಮಹಾದೇವಿ; ಅವಳ ಪತಿಯು ಕಂಚಿಯನ್ನು ಮೂರು ಸಲ ಗೆದ್ದ ವಿಕ್ರಮಾದಿತ್ಯ; ಕಟ್ಟಿದವನಿಗೆ ದೊರೆತದ್ದು ತ್ರಿಭುವನಾಚಾರಿ ಎಂಬ ಬಿರುದು. ಮಾಡಿದ್ದೇನು, ಯಾರಿಗಾಗಿ, ಅದರಿಂದ ಬಂದ ಮನ್ನಣೆ ಯಾವದು, ಎಲ್ಲವೂ ಕೆಲವೇ ಸಾಲುಗಳಲ್ಲಿ ಅಡಗಿದೆ. ಬಿರುದು ಇದೆ, ಆದರೆ ಗುಡಿಯನ್ನು ಬಿಟ್ಟು ಬಿರುದೊಂದೇ ನಿಂತಿಲ್ಲ. ಸರ್ವಸಿದ್ಧಿ ಆಚಾರಿ ಎಂಬವನ ಹೆಸರೂ ಅದೇ ಗುಡಿಯ ಕಲ್ಲಿನಲ್ಲಿ ಉಂಟು. ಹಲವರು ಕೂಡಿ ಮಾಡಿದ್ದನ್ನು ಒಬ್ಬನೇ ತನ್ನದೆಂದು ಬರೆದುಕೊಳ್ಳುವವರು ಇದನ್ನೂ ಗಮನಿಸಬೇಕು.

ಇನ್ನು ಮನೆಯ ಹಿರಿಯರು ಮಗನನ್ನೋ ಸೊಸೆಯನ್ನೋ ಹತ್ತಿರ ಕೂಡ್ರಿಸಿಕೊಂಡು ಕೇಳತಕ್ಕದ್ದಿಷ್ಟೆ: ನೀನು ಹೋಗುವ ಮುಂಚೆ ಅಲ್ಲಿ ಹೇಗಿತ್ತು? ಬಿಟ್ಟು ಬಂದಾಗ ಹೇಗಿತ್ತು? ನಡುವೆ ನಿನ್ನ ಕೈ ಎಷ್ಟು? ಅದನ್ನು ಬಲ್ಲವರು ಯಾರು? ಬಡಿಗನು ‘ಬಾಗಿಲು ಕಿಟಕಿಗಳ ಕೆಲಸ ಬಲ್ಲೆನು’ ಎಂದರೆ ಓದುವವನಿಗೆ ಏನೂ ತಿಳಿಯದು. ‘ಶಾಲೆಯ 12 ಕೋಣೆಗಳ ಬಾಗಿಲುಗಳನ್ನು ಇಬ್ಬರು ಜೊತೆಗಾರರೊಡನೆ ಮಳೆಗಾಲದ ಮುಂಚೆ ಮುಗಿಸಿಕೊಟ್ಟೆನು’ ಎಂದರೆ ಮನುಷ್ಯನೇ ಎದುರಿಗೆ ಬಂದು ನಿಲ್ಲುವನು. ‘ದಕ್ಷ, ಪ್ರಾಮಾಣಿಕ, ಶ್ರಮಶೀಲ’ ಎಂಬ ಮಾತುಗಳನ್ನು ಬೇರೆಯವರು ಆಡಲಿ. ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೆ ಕುಸಿಯುವ ಅಂಕೆಯನ್ನಂತೂ ಬರೆಯಲೇಬಾರದು.

ನಮಗೆ ಹೆಚ್ಚು ವ್ಯಸನವಾಗುವದು ಹೆಣ್ಣುಮಕ್ಕಳ ಅರ್ಜಿಗಳನ್ನು ನೋಡಿದಾಗ. ಸ್ತ್ರೀಶಕ್ತಿ ಸಂಘದ ಉಳಿತಾಯ ಸಾಲಗಳ ಲೆಕ್ಕವನ್ನು ವರುಷಗಟ್ಟಲೆ ಪೈಸೆ ತಪ್ಪದಂತೆ ಬರೆದಿಟ್ಟವಳು ‘ಅನುಭವ’ವೆಂಬ ಸ್ಥಳದಲ್ಲಿ ‘ಇಲ್ಲ’ ಎಂದು ಬರೆಯುತ್ತಾಳೆ. ಸಂಬಳ ಬಾರದ ಕೆಲಸವು ಕೆಲಸವೇ ಅಲ್ಲವೆಂದು ಅವಳಿಗೆ ಕಲಿಸಿದವರು ನಾವೇ. ಎಷ್ಟು ಜನ ಸದಸ್ಯರು, ಎಷ್ಟು ವರುಷ, ಬ್ಯಾಂಕಿನ ವ್ಯವಹಾರ ಯಾರು ನೋಡಿಕೊಂಡರು ಎಂಬದನ್ನು ಅವಳಿಂದ ಕೇಳಿ ಬರೆಸಬೇಕು.

ತಾರೀಖು ನೆನಪಾಗದಿದ್ದರೆ ಗಾಬರಿಯಾಗುವ ಕಾರಣವಿಲ್ಲ. ಅಡಿಗೆಮನೆಯಿಂದ ತಾಯಿಯನ್ನು ಕರೆಯಿರಿ. ‘ಅದು ಕಾಳಮ್ಮನ ಜಾತ್ರೆಗೆ ಮುಂಚೆಯೇ ಮುಗಿಯಿತಲ್ಲ, ತಂಗಿಯ ಮದುವೆಯಾದ ವರುಷ’ ಎಂದು ಆಕೆ ಹೇಳುವಳು. ಹಳೆಯ ಪಂಚಾಂಗವನ್ನು ತಿರುವಿ, ತಿಂಗಳನ್ನೂ ಇಸವಿಯನ್ನೂ ಬರೆದುಕೊಂಡರಾಯಿತು.